ಹನ್ನೆರಡನೇ ಅಡಿ

ಪುರಸಭೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಕೂಡಲೇ ಎಡಕ್ಕೆ ಸಿಗುವ ಕೋಣೆಗೆ ವರ್ಷದ ಎಂಟು ತಿಂಗಳು ಯಾರೂ ಕಾಲಿಡುವುದಿಲ್ಲ. ಮಳೆ ಹಿಡಿದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಬಾಗಿಲ ಮೇಲೆ ‘ವಿಪತ್ತು ನಿಯಂತ್ರಣ ಕೊಠಡಿ’ ಎಂಬ ಫಲಕ. ಒಳಗೆ ಒಂದು ಉದ್ದನೆಯ ಮೇಜು, ಎರಡು ಫೋನು, ಕ್ಯಾಮೆರಾ ಚಿತ್ರದ ಒಂದು ಪರದೆ, ಒಂದು ದಪ್ಪ ರಿಜಿಸ್ಟರು, ಗೋಡೆಯ ಮೇಲೆ ದೊಡ್ಡದೊಂದು ಬಿಳಿ ಬೋರ್ಡು. ಬೋರ್ಡಿನ ಪಕ್ಕದ ಮೊಳೆಗಳಿಗೆ ನಾಲ್ಕು ತಗಡಿನ ಅಂಕಿಗಳನ್ನು ನೇತುಹಾಕಿದ್ದರು: ಹಸಿರು ಒಂದು, ಹಳದಿ ಎರಡು, ಕಿತ್ತಳೆ ಮೂರು, ಕೆಂಪು ನಾಲ್ಕು. ಯಾವ ಅಂಕಿ ಬೋರ್ಡಿನ ನೆತ್ತಿ ಏರಿ ಕೂತಿದೆಯೋ, ಊರು ಆ ಹಂತದಲ್ಲಿದೆ ಎಂದರ್ಥ.

ಆ ಕೋಣೆಯ ಗುಮಾಸ್ತೆಗೆ ನಾಲ್ಕು ಹಂತಗಳೂ ಬಾಯಿಪಾಠ. ಚಿಕ್ಕಂದಿನಲ್ಲಿ ಅಜ್ಜ ತೊಡೆಯ ಮೇಲೆ ಕೂರಿಸಿಕೊಂಡು ಪದ್ಯ ಹೇಳಿಕೊಡುತ್ತಿದ್ದ ರಾಗದಲ್ಲೇ ಅವಳು ಇವನ್ನೂ ಕಲಿತಿದ್ದಳು. ಒಂದರಲ್ಲಿ ಕಣ್ಣಿಡು, ಎರಡರಲ್ಲಿ ಕೈಯಿಡು, ಮೂರರಲ್ಲಿ ಕಾಲು ತೆಗೆ, ನಾಲ್ಕರಲ್ಲಿ ದೇವರ ನೆನೆ. ಒಂದು ಎಂದರೆ ಬರಿಯ ಕಾವಲು. ನದಿ ಹತ್ತಡಿ ಮುಟ್ಟಿದರೆ ಎರಡು: ಬಸ್ಸುಗಳು ಬಂದು ನಿಲ್ಲಬೇಕು, ದಿಣ್ಣೆಯ ಮೇಲಿನ ಶಾಲೆಯ ಬೀಗ ತೆಗೆಯಬೇಕು. ಹನ್ನೆರಡಕ್ಕೆ ಮೂರು: ಸೈರನ್ ಕೂಗಿಸಿ ಕೆಳಬೀದಿಯ ಅಷ್ಟೂ ಮನೆಯವರನ್ನು ಹೊರಗೆ ಕರೆತರಬೇಕು. ಹದಿನಾಲ್ಕಕ್ಕೆ ನಾಲ್ಕು. ಅಷ್ಟು ಹೊತ್ತಿಗೆ ಕೆಳಬೀದಿಯ ಒಂದೇ ದಾರಿಯಾದ ರೈಲ್ವೆ ಹಳಿಯ ಕೆಳಗಿನ ಸೇತುವೆ ತುಂಬಿಹೋಗಿರುತ್ತದೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ.

ಆ ಕೆಳಬೀದಿಯ ನಡುಮಧ್ಯದಲ್ಲಿ ಅವಳ ಅಕ್ಕನ ಲಾಂಡ್ರಿ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅಕ್ಕ, ಭಾವ, ಆರು ವರ್ಷದಿಂದ ಹಾಸಿಗೆ ಹಿಡಿದ ಅಕ್ಕನ ಅತ್ತೆ. ಭಾವ ಎರಡು ದಿನದ ಹಿಂದೆ ಕೆಲಸದ ಮೇಲೆ ಬೇರೆ ಊರಿಗೆ ಹೋದವನು ಮಳೆಯಲ್ಲಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ.

ಅಂದು ಬೆಳಿಗ್ಗೆ ಒಂಬತ್ತೂವರೆಗೆ ಅವಳು ಹಳದಿ ಎರಡನ್ನು ಬೋರ್ಡಿಗೆ ಹಾಕಿದಳು. ರಿಜಿಸ್ಟರಿನಲ್ಲಿ ಬರೆದಳು: ಹತ್ತು ಅಡಿ.

ಹಾಗೆ ನೋಡಿದರೆ ಅವಳ ಮೊಬೈಲಿಗೆ ಬಂದಿದ್ದ ಸಂದೇಶದಲ್ಲಿ ಹನ್ನೊಂದು ಎಂದಿತ್ತು.

ಇದರಲ್ಲಿ ಕಳ್ಳತನವೇನೂ ಇರಲಿಲ್ಲ, ಅಥವಾ ಇರಲಿಲ್ಲ ಎಂದೇ ಅವಳು ನಂಬಿದ್ದಳು. ಊರಿನಿಂದ ಮೂರು ಮೈಲಿ ಮೇಲೆ ಹಳೇ ಸೇತುವೆಯ ಕಂಬದ ಮೇಲೆ ಅಡಿಗೆರೆಗಳನ್ನು ಬಳಿದಿದ್ದಾರೆ. ಅದನ್ನು ನೋಡಿ ಅರ್ಧ ಗಂಟೆಗೊಮ್ಮೆ ಅಂಕಿ ಕಳಿಸುವುದು ಅಲ್ಲೇ ಕಾವಲುಮನೆಯಲ್ಲಿರುವ ಮುದುಕರ ಕೆಲಸ. ಆಫೀಸಿನಲ್ಲಿ ಎಲ್ಲರಿಗೂ ಅವರು ಅಳತೆಯಜ್ಜ. ಒಮ್ಮೆ ಯಂತ್ರ ಕೂರಿಸಿದ್ದರು. ಮೊದಲ ಪ್ರವಾಹಕ್ಕೇ ಯಂತ್ರ ತೇಲಿಹೋಯಿತು, ಅಜ್ಜ ಉಳಿದರು. ಎರಡು ವರ್ಷದ ಹಿಂದೆ ಆ ದಾರಿಯಲ್ಲಿ ಹೋಗುತ್ತಿದ್ದ ಗುಮಾಸ್ತೆ ಸುಮ್ಮನೆ ಇಳಿದು ಕಂಬ ನೋಡಿದಳು. ನೀರು ಏಳರ ಗೆರೆಯಲ್ಲಿತ್ತು. ಅದೇ ಹೊತ್ತಿಗೆ ಕೈಯಲ್ಲಿದ್ದ ಮೊಬೈಲು ಕಿಣಿಗುಟ್ಟಿತು: ಎಂಟು. ಆಮೇಲೆ ಇನ್ನೆರಡು ಸಲ ಬೇಕೆಂದೇ ಹೋಗಿ ನೋಡಿದಳು. ಎರಡು ಸಲವೂ ಒಂದೇ ಒಂದು ಅಡಿ ಹೆಚ್ಚು. ಆಫೀಸಿನವರು ಎದ್ದು ಮೈಮುರಿಯುವಷ್ಟರಲ್ಲಿ ನೀರು ಒಂದಡಿ ಏರಿರುತ್ತದೆ ಎಂದು ಆ ಜೀವ ಮುಂಚೆಯೇ ಸೇರಿಸಿ ಕಳಿಸುತ್ತಿತ್ತು. ಇದನ್ನು ಹೋಗಿ ಅವರ ಮುಖಕ್ಕೆ ಹೇಳುವುದು ಹೇಗೆ? ತಂದೆಯ ವಯಸ್ಸಿನವರು. ಅವಳು ಹೇಳಲಿಲ್ಲ. ಅವರು ಸೇರಿಸಿದ್ದನ್ನು ತಾನು ಕಳೆದು ಬರೆಯತೊಡಗಿದಳು. ಅಂಕಿ ಸರಿಯಾಯಿತು, ಹಿರಿಯರ ಮಾನವೂ ಉಳಿಯಿತು. ಎರಡು ವರ್ಷದಲ್ಲಿ ಅದು ಉಸಿರಾಟದಷ್ಟು ಸಹಜವಾಯಿತು. ಕಣ್ಣು ಹನ್ನೆರಡು ಓದಿದರೆ ಕೈ ತಾನಾಗಿ ಹನ್ನೊಂದು ಬರೆಯುತ್ತಿತ್ತು.

ಹನ್ನೊಂದು ಗಂಟೆಗೆ ಸಂದೇಶ: ಹನ್ನೆರಡು. ಅವಳು ಬರೆದಳು: ಹನ್ನೊಂದು.

ಹನ್ನೊಂದೂವರೆಗೆ: ಹನ್ನೆರಡೂ ಕಾಲು. ಬರೆದಳು: ಹನ್ನೊಂದೂ ಕಾಲು.

ಕಿಟಕಿಯ ಹೊರಗೆ ಮಳೆ ಗೋಡೆಯಂತೆ ನಿಂತಿತ್ತು. ಎದುರಿನ ಬ್ಯಾಂಕಿನ ಬೋರ್ಡು ಕಾಣುತ್ತಿರಲಿಲ್ಲ. ಬಸ್ಸುಗಳು ಮೂರೂ ಆಫೀಸಿನ ಮುಂದೆ ಬಂದು ನಿಂತು, ಚಾಲಕರು ಒಳಗೇ ಕೂತು ಗಾಜು ಒರೆಸುತ್ತಿದ್ದರು. ಸೈರನ್ನಿನ ಜವಾಬ್ದಾರಿ ಹೊತ್ತ ವೈರ್‌ಮನ್ ಬಾಗಿಲಿಗೆ ಒರಗಿ ನಿಂತಿದ್ದರು.

“ಇನ್ನೂ ಮುಕ್ಕಾಲಡಿ ಇದೆ ಅಲ್ವಾ ತಂಗೀ?” ಎಂದರು. “ಮೂರು ಹಾಕೋ ಹಾಗಿದ್ರೆ ಸರಿಯಾಗಿ ನೋಡಿ ಹಾಕಮ್ಮ. ಹೋದ ವರ್ಷ ನಾನು ಗುಂಡಿ ಒತ್ತಿದ್ದಕ್ಕೆ ನಮ್ಮತ್ತೆ ಇವತ್ತಿಗೂ ನನ್ನ ಜೊತೆ ಮಾತಾಡ್ತಿಲ್ಲ.”

“ಅದಕ್ಕೆ ಸೈರನ್ನೇ ಕಾರಣಾನಾ ಅಣ್ಣ?”

“ಇಲ್ಲಮ್ಮ, ಮೊದ್ಲಿಂದಾನೂ ಮಾತಾಡ್ತಿರಲಿಲ್ಲ. ಈಗ ಕಾರಣ ಸಿಕ್ಕಿದೆ, ಅಷ್ಟೆ.”

ಅವಳು ನಕ್ಕಳು. ಹೋದ ವರ್ಷದ್ದು ಮರೆಯುವಂಥದ್ದಲ್ಲ. ಅವಳು ರಜೆಯಲ್ಲಿದ್ದ ದಿನ ಬೇರೊಬ್ಬರು ಈ ಕುರ್ಚಿಯಲ್ಲಿದ್ದರು. ಅಜ್ಜನ ಒಂದೇ ಒಂದು ಸಂದೇಶ ಹನ್ನೆರಡು ಎಂದದ್ದೇ ತಡ, ಕಿತ್ತಳೆ ಮೂರು ಏರಿತು, ಸೈರನ್ ಕೂಗಿತು, ಇಡೀ ಕೆಳಬೀದಿ ಮಕ್ಕಳುಮರಿ ಸಮೇತ ಶಾಲೆ ಸೇರಿತು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂತು. ಜನ ಆಫೀಸಿನ ಮುಂದೆ ನಿಂತು ಬೈದರು, ಪತ್ರಿಕೆಯವರು ಬರೆದರು. ಅಂದಿನಿಂದ ಹೊಸ ನಿಯಮ: ಅರ್ಧ ಗಂಟೆ ಅಂತರದ ಎರಡು ಅಳತೆಗಳು ಸಮಯಕ್ಕೆ ಸರಿಯಾಗಿ ಬಂದು, ಎರಡೂ ಹನ್ನೆರಡು ಮುಟ್ಟಿದ್ದರೆ ಮಾತ್ರ ಮೂರನೇ ಹಂತ. ನಡುವೆ ಫೋನು ಮಾಡಿ ಕೇಳಿದ್ದು ಲೆಕ್ಕಕ್ಕಿಲ್ಲ.

ಹನ್ನೊಂದೂ ಮೂವತ್ತೆಂಟಕ್ಕೆ ಅಕ್ಕನ ಫೋನು ಬಂತು.

“ಏ ಪುಟ್ಟೀ, ಒಂದ್ ಮಾತು ಕೇಳ್ಬೇಕಿತ್ತು. ಹಿತ್ತಿಲ ಚರಂಡಿ ಗುಳುಗುಳು ಅಂತಿದೆ. ನೀರು ಒಳಗೆ ಹೋಗೋ ಬದಲು ಹೊರಗೆ ಬರ್ತಿದೆ. ನಿಮ್ಮ ಆಫೀಸಿಂದ ಯಾರನ್ನಾದ್ರೂ ಕಳಿಸಿ ಕೋಲು ಹಾಕ್ಸೇ.”

ಗುಮಾಸ್ತೆಯ ಕೈಯಲ್ಲಿದ್ದ ಪೆನ್ನು ನಿಂತಿತು. “ಎಷ್ಟೊತ್ತಿಂದ?”

“ಆಗ್ಲೇ ಅರ್ಧ ಗಂಟೆ ಆಯ್ತಪ್ಪ. ಯಾಕೆ?”

“ಇರು ಅಕ್ಕ. ಈಗಲೇ ಫೋನ್ ಮಾಡ್ತೀನಿ.”

ಆ ಚರಂಡಿ ನೇರ ನದಿಗೆ ಬೀಳುತ್ತದೆ. ನದಿ ಹನ್ನೆರಡಾಗದೆ ಅದು ಹಿಮ್ಮುಖವಾಗಿ ಉಕ್ಕಿದ್ದನ್ನು ಯಾರೂ ಕಂಡಿಲ್ಲ. ಅವಳು ರಿಜಿಸ್ಟರು ನೋಡಿದಳು: ಹನ್ನೊಂದೂ ಕಾಲು. ಮೊಬೈಲು ನೋಡಿದಳು: ಹನ್ನೆರಡೂ ಕಾಲು. ಅಳತೆಯಜ್ಜನಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಬಂದದ್ದು ಹೆಂಗಸಿನ ದನಿ.

“ಯಾರು? ಪುರಸಭೆ ಮಗಳಾ? ಅವರು ಮಲಗಿದಾರಮ್ಮ. ನೆನ್ನೆಯಿಂದ ಜ್ವರ, ಕಣ್ಣು ಬಿಡ್ತಿಲ್ಲ. ನಾನು ಅವರ ಮನೆಯಾಕೆ.”

“ಅಜ್ಜೀ, ಹಾಗಿದ್ರೆ ಬೆಳಿಗ್ಗೆಯಿಂದ ಅಂಕಿ ಕಳಿಸ್ತಿರೋದು?”

“ನಾನೇ. ಕೊಡೆ ಹಿಡ್ಕೊಂಡು ಹೋಗಿ ನೋಡ್ಕೊಂಡು ಬಂದು ಒತ್ತಿ ಕಳಿಸ್ತಿದೀನಿ. ಯಾಕಮ್ಮ, ತಪ್ಪಾಯ್ತಾ? ಓದೋಕೆ ಬರುತ್ತೆ ನಂಗೆ.”

“ಕಂಬದ ಮೇಲೆ ಎಷ್ಟಿದೆಯೋ ಅಷ್ಟೇ ಕಳಿಸ್ತಿದೀರಾ? ಏನೂ ಸೇರಿಸಿಲ್ವಾ?”

“ಸೇರಿಸೋದೇನು?” ಅಜ್ಜಿಯ ದನಿಯಲ್ಲಿ ಮುನಿಸು ಬಂತು. “ನಾನೇನು ಹಾಲಿಗೆ ನೀರು ಸೇರಿಸೋಳಾ? ಇದ್ದದ್ದು ಇದ್ದ ಹಾಗೇ ಕಳಿಸಿದೀನಿ.”

ಗುಮಾಸ್ತೆ ಫೋನು ಕೆಳಗಿಟ್ಟಳು. ಹನ್ನೊಂದು ಗಂಟೆಗೇ ನದಿ ಹನ್ನೆರಡಡಿ ಮುಟ್ಟಿತ್ತು. ಹನ್ನೊಂದೂವರೆಗೆ ದಾಟಿತ್ತು. ಊರು ಮೂರನೇ ಹಂತಕ್ಕೆ ಬಂದು ಹತ್ತು ನಿಮಿಷವಾಗಿತ್ತು. ಎರಡನೇ ಹಂತ ಬೆಳಿಗ್ಗೆ ಇನ್ನೂ ಬೇಗ ಬರಬೇಕಿತ್ತು. ಬೋರ್ಡಿನ ಮೇಲೆ ಹಳದಿ ಎರಡು ಏನೂ ಆಗಿಲ್ಲವೆಂಬಂತೆ ಕೂತಿತ್ತು. ದೇವರೇ, ಎಂದಳು ಮನಸ್ಸಿನಲ್ಲಿ.

ರಿಜಿಸ್ಟರು, ಮೊಬೈಲು ಎರಡನ್ನೂ ಎತ್ತಿಕೊಂಡು ಪಕ್ಕದ ಕೋಣೆಗೆ ನಡೆದಳು. ಮುಖ್ಯಾಧಿಕಾರಿಗಳನ್ನು ಎಲ್ಲರೂ ಸಾಹೇಬರೆಂದೇ ಕರೆಯುತ್ತಿದ್ದರು. ಬೆಳಿಗ್ಗೆ ಚರಂಡಿಗಳನ್ನು ನೋಡಲು ಹೋಗಿ ತೊಯ್ದು ಬಂದಿದ್ದ ಅವರು ಬರಿಗಾಲಲ್ಲಿ ಕೂತಿದ್ದರು. ಸಾಕ್ಸು ಕುರ್ಚಿಯ ಬೆನ್ನಿಗೆ ಒಣಗಲು ಹಾಕಿತ್ತು.

“ಸಾರ್, ಮೂರಕ್ಕೆ ಏರಿಸ್ಬೇಕು.”

“ಎಷ್ಟಾಯ್ತು?”

“ಹನ್ನೆರಡೂ ಕಾಲು.”

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. “ಹತ್ತು ನಿಮಿಷದ ಹಿಂದೆ ಹನ್ನೊಂದೂ ಕಾಲು ಅಂದ್ರಲ್ಲಮ್ಮ. ಅಷ್ಟರಲ್ಲಿ ಒಂದಡಿ ಏರಿತಾ? ನದೀನಾ ಲಿಫ್ಟಾ ಅದು?”

ಅವಳ ಬಾಯಲ್ಲಿ ಉತ್ತರ ಸಿದ್ಧವಿತ್ತು. ಮೇಲೆಲ್ಲೋ ಕೆರೆ ಒಡೆದಿರಬೇಕು ಸಾರ್, ಒಮ್ಮೆಗೇ ಬಂದಿದೆ ಎಂದರೆ ಸಾಕಿತ್ತು. ಯಾರೂ ಸಂಶಯ ಪಡುತ್ತಿರಲಿಲ್ಲ. ಮುದುಕರ ಗುಟ್ಟು ಮುದುಕರ ಬಳಿ, ಅವಳದು ಅವಳ ಬಳಿ ಉಳಿಯುತ್ತಿತ್ತು.

“ಸರಿ,” ಎಂದರು ಸಾಹೇಬರು, ಅವಳು ಮಾತಾಡದ್ದನ್ನು ಕಂಡು. “ಹನ್ನೆರಡು ಗಂಟೆಯ ಅಳತೆ ಬರಲಿ. ಆಮೇಲೆ ಹನ್ನೆರಡೂವರೆಯದು. ಎರಡೂ ಹನ್ನೆರಡು ಮುಟ್ಟಿದ್ರೆ ಆ ಕ್ಷಣವೇ ಸಹಿ ಹಾಕ್ತೀನಿ. ಹೋದ ವರ್ಷದ ಹಾಗೆ ಇನ್ನೊಂದು ಸಲ ಆದ್ರೆ ಈ ಊರಲ್ಲಿ ಸೈರನ್ ಕೂಗಿದಾಗ ಯಾರೂ ಏಳಲ್ಲ, ಗೊತ್ತಾ?”

ಹನ್ನೆರಡೂವರೆ. ಅಂದರೆ ಇನ್ನೂ ಐವತ್ತು ನಿಮಿಷ. ಮೂರು ಬಸ್ಸು, ನೂರ ನಲವತ್ತು ಮನೆ, ಒಬ್ಬೊಬ್ಬರನ್ನೂ ಒಲಿಸಿ ಎಬ್ಬಿಸಬೇಕು. ಹೋದ ಸಲ ಒಂದೂಕಾಲು ಗಂಟೆ ಹಿಡಿದಿತ್ತು, ಅದೂ ಒಣನೆಲದಲ್ಲಿ. ಹಾಸಿಗೆ ಹಿಡಿದ ಅತ್ತೆಯನ್ನು ನಾಲ್ಕು ಜನ ಎತ್ತಬೇಕು. ಭಾವ ಊರಲ್ಲಿಲ್ಲ. ಅವಳು ಮನಸ್ಸಿನಲ್ಲೇ ಕೂಡಿದಳು, ಕಳೆದಳು. ಎಷ್ಟು ಸಲ ಮಾಡಿದರೂ ಸೇತುವೆಯ ನೀರೇ ಮೊದಲು ಬರುತ್ತಿತ್ತು.

“ಎರಡು ಅಳತೆ ಆಗ್ಲೇ ಹನ್ನೆರಡು ಮುಟ್ಟಿವೆ ಸಾರ್.”

“ಏನು?”

“ನಾನು ಒಂದಡಿ ಕಳೆದು ಬರೀತಿದ್ದೆ.” ಒಮ್ಮೆ ಬಾಯಿಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. “ಅಜ್ಜ ಒಂದಡಿ ಸೇರಿಸಿ ಕಳಿಸ್ತಿದ್ರು. ನಂಗೆ ಗೊತ್ತಿತ್ತು. ಅದಕ್ಕೆ ಕಳೀತಿದ್ದೆ. ಇವತ್ತು ಅಜ್ಜನಿಗೆ ಜ್ವರ, ಅಜ್ಜಿ ಕಳಿಸ್ತಿದಾರೆ, ಅವರು ಸೇರಿಸಿಲ್ಲ. ನಾನು ತಿಳೀದೆ ಇವತ್ತೂ ಕಳೆದುಬಿಟ್ಟೆ. ನೋಡಿ ಸಾರ್, ಸಂದೇಶ ಇಲ್ಲೇ ಇವೆ. ಹನ್ನೊಂದಕ್ಕೆ ಹನ್ನೆರಡು. ಹನ್ನೊಂದೂವರೆಗೆ ಹನ್ನೆರಡೂ ಕಾಲು. ಎರಡೂ ಸಮಯಕ್ಕೆ ಬಂದದ್ದೇ.”

ಸಾಹೇಬರು ಮೊಬೈಲನ್ನು ತೆಗೆದುಕೊಂಡು ಓದಿದರು. ರಿಜಿಸ್ಟರನ್ನು ಎಳೆದುಕೊಂಡು ಅದನ್ನೂ ಓದಿದರು. ಅವರ ಬೆರಳು ಒಂದೊಂದು ಸಾಲಿನಲ್ಲೂ ನಿಂತು ನಿಂತು ಹೋಯಿತು.

“ಎಷ್ಟು ದಿನದಿಂದ?”

“ಎರಡು ವರ್ಷ ಸಾರ್.”

ಅವರು ಮುಖ ಮೇಲೆತ್ತಿದಾಗ ಅಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಹೆದರಿದ್ದರು.

“ಕೆಂಪು ಇಂಕಲ್ಲಿ ಹೊಡೆದು ಸರಿಯಾದ್ದು ಬರೀರಿ,” ಎಂದರು. “ಪಕ್ಕದಲ್ಲಿ ಕಾರಣ ಬರೆದು ನಿಮ್ಮ ಸಹಿ ಹಾಕಿ. ಕೆಳಗೆ ನಾನು ಹಾಕ್ತೀನಿ. ಈ ಕಾಗದ ನಿಮ್ಮನ್ನ ಎಲ್ಲಿಗೆ ತಗೊಂಡು ಹೋಗುತ್ತೋ ನಂಗೊತ್ತಿಲ್ಲಮ್ಮ, ಅದನ್ನ ಆಮೇಲೆ ನೋಡೋಣ. ಏಯ್ ವೈರ್‌ಮನ್! ಒತ್ತಯ್ಯಾ!”

ಅವಳು ಬರೆದಳು. ‘ನನ್ನ ಸ್ವಂತ ತಿಳುವಳಿಕೆಯಿಂದ ಒಂದು ಅಡಿ ಕಡಿಮೆ ನಮೂದಿಸಿರುತ್ತೇನೆ.’ ಬರೆದು ಮುಗಿಯುವ ಮೊದಲೇ ಛಾವಣಿಯ ಮೇಲೆ ಸೈರನ್ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಕಟ್ಟಡದ ಗಾಜುಗಳೆಲ್ಲ ಝಲ್ಲೆನ್ನುವಂತೆ. ಹನ್ನೊಂದೂ ನಲವತ್ತೇಳಕ್ಕೆ ಅವಳು ಹಳದಿ ಎರಡನ್ನು ಇಳಿಸಿ ಕಿತ್ತಳೆ ಮೂರನ್ನು ಏರಿಸಿದಳು. ಕೆಳಗೆ ಬಸ್ಸುಗಳು ಗುರುಗುಟ್ಟಿ ಹೊರಟವು.

ಅಕ್ಕನಿಗೆ ಫೋನು ಮಾಡಿದಳು.

“ಕೇಳಿಸ್ತು, ಕೇಳಿಸ್ತು,” ಎಂದಳು ಅಕ್ಕ. “ಅದನ್ನ ಕೇಳಿಸ್ಕೊಳ್ಳದವರು ಯಾರು? ನಾನು ಬರಲ್ಲಮ್ಮ. ಹೋದ ಸಲ ಅತ್ತೇನ ಕುರ್ಚಿ ಸಮೇತ ಹೊತ್ಕೊಂಡು ಹೋದ್ವಿ. ಬಂದದ್ದು ನೀರಲ್ಲ, ನೆಗಡಿ. ಹದಿನೈದು ದಿನ ಕೆಮ್ಮಿದ್ರು. ಪಕ್ಕದವರೂ ಬಾಗಿಲಲ್ಲಿ ನಿಂತು ನಗ್ತಿದಾರೆ ನೋಡು.”

“ಅಕ್ಕ, ಹೋದ ಸಲದ ಥರ ಅಲ್ಲ ಇದು.”

“ಆಗಲೂ ಹಾಗೇ ಅಂದ್ರಿ.”

“ಆಗ ಬೇಗ ಕೂಗ್ಸಿದ್ರು. ಈ ಸಲ ನಾನು ತಡ ಮಾಡಿದೀನಿ.” ಅವಳ ದನಿ ಒಡೆಯಿತು. “ತಪ್ಪು ಬರೆದೆ ಅಕ್ಕ. ಬೇಗನೇ ಕೂಗ್ಸಬೇಕಿತ್ತು. ಚರಂಡಿ ಸುಮ್ನೆ ಉಕ್ತಿಲ್ಲ, ನದಿ ಬರ್ತಿದೆ. ನಿನ್ನ ಕಾಲಿಗೆ ಬೀಳ್ತೀನಿ, ಅತ್ತೇನ ಎತ್ಸು.”

ಪುಟ್ಟಿ ಚಿಕ್ಕಂದಿನಿಂದಲೂ ತಪ್ಪೊಪ್ಪಿಕೊಳ್ಳುವ ಹುಡುಗಿಯಲ್ಲ. ಅದು ಅಕ್ಕನಿಗೆ ಗೊತ್ತು. ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದು ಅಕ್ಕ ಬೀದಿಗೆ ಕೂಗಿದ್ದು ಕೇಳಿಸಿತು: “ನಗೋದು ಸಾಕು, ನಾಲ್ಕು ಜನ ಬನ್ರೋ ಇಲ್ಲಿ! ನನ್ನ ತಂಗಿ ಅಳ್ತಿದಾಳೆ!”

ಅಲ್ಲಿಂದ ಮುಂದಿನ ಒಂದೂವರೆ ಗಂಟೆ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಹನ್ನೆರಡಕ್ಕೆ ಹನ್ನೆರಡೂವರೆ ಅಡಿ. ಹನ್ನೆರಡೂವರೆಗೆ ಹದಿಮೂರು. ಒಂದೊಂದು ಅಂಕಿ ಬಂದಾಗಲೂ ಕೈ ಹಳೇ ರೂಢಿಯ ಕಡೆ ವಾಲುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿ, ಎರಡೆರಡು ಸಲ ಓದಿ ಬರೆದಳು. ಮೊದಲ ಬಸ್ಸು ಶಾಲೆ ಮುಟ್ಟಿತು. ಎರಡನೆಯದು ಮುಟ್ಟಿತು. ತಿರುಗಿ ಹೋದವು, ತುಂಬಿ ಬಂದವು. ಒಂದು ಗಂಟೆಗೆ ಹದಿಮೂರೂವರೆ. ಸೇತುವೆಯ ಬಳಿ ನಿಂತ ಕಾನ್‌ಸ್ಟೆಬಲ್ ಫೋನಿನಲ್ಲಿ ಹೇಳುತ್ತಿದ್ದ: ಪಾದ ಮುಳುಗಿದೆ, ಮೊಣಕಾಲ ಕೆಳಗಿದೆ, ಮೊಣಕಾಲಿಗೆ ಬಂತು.

“ಲಾಂಡ್ರಿಯವರು ದಾಟಿದ್ರಾ?” ಎಂದು ಅವಳು ಮೂರು ಸಲ ಕೇಳಿದಳು.

“ಯಾವ ಲಾಂಡ್ರಿ ಮೇಡಂ, ಇಲ್ಲಿ ಎಲ್ರೂ ಒದ್ದೇನೇ,” ಎಂದು ಮೂರನೇ ಸಲ ಅವನು ರೇಗಿದ.

ಒಂದೂ ಹತ್ತಕ್ಕೆ ಕೊನೆಯ ಬಸ್ಸು ಸೇತುವೆಯಡಿ ಹಾದು ಬಂತು. ಚಕ್ರ ಅರ್ಧ ಮುಳುಗಿತ್ತು, ಒಳಗೆ ನೀರು ನುಗ್ಗಿ ಜನ ಸೀಟುಗಳ ಮೇಲೆ ನಿಂತಿದ್ದರು. ಅದರ ನಡುದಾರಿಯಲ್ಲಿ ಮಂಚದ ಹಲಗೆಯ ಮೇಲೆ ಒಬ್ಬ ಮುದುಕಿಯನ್ನು ಮಲಗಿಸಿದ್ದರು ಎಂದು ಚಾಲಕ ಹೇಳಿದ. ಜೊತೆಗೊಬ್ಬ ಹೆಂಗಸು ದಾರಿಯುದ್ದಕ್ಕೂ, ಗುಂಡಿ ತಪ್ಪಿಸಪ್ಪಾ, ಗುಂಡಿ ತಪ್ಪಿಸಪ್ಪಾ ಎಂದು ಅವನ ತಲೆ ತಿಂದಳಂತೆ. ಗುಮಾಸ್ತೆ ಗೋಡೆಗೆ ಹಣೆ ಹಚ್ಚಿ ಕಣ್ಣು ಮುಚ್ಚಿದಳು.

ಒಂದೂ ಇಪ್ಪತ್ತೆಂಟಕ್ಕೆ ಸೇತುವೆ ತುಂಬಿತು. ಎರಡು ಗಂಟೆಗೆ ಅವಳು ಕೆಂಪು ನಾಲ್ಕನ್ನು ಏರಿಸಿದಳು. ಸಾಹೇಬರು ಇನ್ನೂ ಬರಿಗಾಲಲ್ಲೇ ಬಂದು ಬೋರ್ಡಿನ ಮುಂದೆ ನಿಂತರು. ಹನ್ನೆರಡೂವರೆಗೆ ಸಹಿ ಹಾಕಿದ್ದಿದ್ದರೆ ಸೇತುವೆ ತುಂಬುವ ಹೊತ್ತಿಗೆ ಎಷ್ಟು ಬಸ್ಸು ಒಳಗಿರುತ್ತಿದ್ದವು ಎಂದು ಇಬ್ಬರೂ ಮನಸ್ಸಿನಲ್ಲಿ ಎಣಿಸಿದರು.

ಮೂರರ ಸುಮಾರಿಗೆ ಅಳತೆಯಜ್ಜನೇ ಫೋನು ಮಾಡಿದರು. ಜ್ವರದ ದನಿ, ಪದ ಪದಕ್ಕೂ ಏದುಸಿರು.

“ಮಗಳೇ, ನಾನು ಸೇರಿಸ್ತಿದ್ದದ್ದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅಜ್ಜ.”

“ಎರಡು ವರ್ಷ? ಒಂದ್ ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ...”

“ನೋವಾಗ್ತಿತ್ತು,” ಎಂದರು ಅಜ್ಜ. “ಆಗಿದ್ರೆ ಏನಾಗ್ತಿತ್ತು. ನಮ್ಮಾಕೆಗೆ ಆಗಾಗ ನಾನೇ ಹೇಳಿದೀನಿ, ನನ್ನ ಕಾಲು ನೋಯೋ ದಿನ ನೀನೇ ನೋಡು ಅಂತ. ಅವಳು ಎಷ್ಟು ದಿನ ನೋಡಿದಾಳೋ ನಂಗೇ ನೆನಪಿಲ್ಲ.”

ಅವಳು ರಿಜಿಸ್ಟರಿನ ಕಡೆ ನೋಡಿದಳು. ಎರಡು ವರ್ಷದ ಪುಟಗಳು. ಅವುಗಳಲ್ಲಿ ಯಾವ ದಿನ ಅಜ್ಜ, ಯಾವ ದಿನ ಅಜ್ಜಿ? ಅಷ್ಟು ದಿನ ಆ ಊರು ಎಷ್ಟು ಸಲ ಒಂದಡಿ ಕೆಳಗೆ ಮಲಗಿ ನಿದ್ದೆ ಮಾಡಿತ್ತೋ ಹೇಳುವವರು ಯಾರೂ ಇರಲಿಲ್ಲ.

ನಾಲ್ಕಕ್ಕೆ ಮಳೆ ಕೊಂಚ ತೆಳುವಾಯಿತು. ಶಾಲೆಯಿಂದ ಅಕ್ಕನ ಫೋನು. ಹಿಂದೆ ಮಕ್ಕಳ ಗಲಾಟೆ, ಬೆಂಚು ಎಳೆಯುವ ಸದ್ದು.

“ಅತ್ತೆ ಮಲಗಿದಾರೆ. ಎರಡನೇ ತರಗತೀಲಿ ಜಾಗ ಕೊಟ್ಟಿದಾರೆ, ಗೋಡೆ ಮೇಲೆ ಮಗ್ಗಿ ಬರೆದಿದೆ, ಅದನ್ನೇ ಓದ್ಕೊಂಡು ಮಲಗಿದ್ರು.” ಆಮೇಲೆ ಕೇಳಿದಳು: “ನಮ್ಮ ಬೀದಿ ಕಾಣಿಸುತ್ತಾ ನಿಂಗೆ?”

ಬೀದಿಯ ತುದಿಯ ಕಂಬದಲ್ಲೊಂದು ಕ್ಯಾಮೆರಾ ಇತ್ತು. ಅದರ ಚಿತ್ರ ಮೇಜಿನ ಮೇಲಿನ ಪರದೆಯಲ್ಲಿ ಬೆಳಿಗ್ಗೆಯಿಂದಲೂ ಮಂಜುಮಂಜಾಗಿ ಓಡುತ್ತಿತ್ತು, ಈಗ ತಿಳಿಯಾಗಿತ್ತು. ಕಂದು ನೀರು, ಅದರಲ್ಲಿ ಮುಳುಗಿದ ಶಟರುಗಳ ಸಾಲು.

“ಕಾಣ್ಸುತ್ತೆ ಅಕ್ಕ.”

“ಅಂಗಡೀಲಿ ಎಷ್ಟಿದೆ?”

ಸ್ವಲ್ಪ ಬಂದಿದೆ, ಹೊಸ್ತಿಲು ದಾಟಿದೆ ಅಷ್ಟೆ ಎನ್ನೋಣ ಎನ್ನಿಸಿತು. ಇವತ್ತು ರಾತ್ರಿಯಾದರೂ ಅಕ್ಕ ಕಣ್ಣು ಮುಚ್ಚಲಿ.

“ಬೀಗದ ಮೇಲಿದೆ,” ಎಂದಳು. “ನಾಲ್ಕಡಿ. ಇನ್ನೂ ಇಳಿದಿಲ್ಲ.”

ಹಿಂದೆ ಯಾವುದೋ ಮಗು ನಗುತ್ತಿತ್ತು.

“ಎರಡು ಮಿಷನ್ನೂ ಹೋಯ್ತು ಹಾಗಿದ್ರೆ,” ಎಂದಳು ಅಕ್ಕ. “ಆಸ್ಪತ್ರೆಯವರ ಬಟ್ಟೆ ಎಲ್ಲ ಒಗೆದು ಮಡಿಚಿ ಇಟ್ಟಿದ್ದೆ ಕಣೇ. ಒಂದು ಕಾಲು ಗಂಟೆ ಸಿಕ್ಕಿದ್ದಿದ್ರೆ ಅಟ್ಟಕ್ಕೆ ಹಾಕ್ತಿದ್ದೆ.”

“ಹೌದು ಅಕ್ಕ.”

“ಆ ಕಾಲು ಗಂಟೆ ನಿನ್ನ ಹತ್ರ ಇತ್ತು, ಅಲ್ವಾ?”

“ಇತ್ತು.”

ಫೋನು ಕಟ್ಟಾಗಲಿಲ್ಲ. ಇಬ್ಬರೂ ಅದನ್ನು ಕಿವಿಗೆ ಹಿಡಿದೇ ನಿಂತಿದ್ದರು, ಒಬ್ಬಳು ದಿಣ್ಣೆಯ ಮೇಲೆ, ಒಬ್ಬಳು ಎರಡನೇ ಮಹಡಿಯಲ್ಲಿ. ಆಮೇಲೆ, “ಅತ್ತೆ ಎದ್ರು, ನೀರು ಕೇಳ್ತಿದಾರೆ, ಇಡ್ತೀನಿ,” ಎಂದಳು ಅಕ್ಕ.